ಅಜ್ಜ-ಅಜ್ಜಿಯರಿಗೊಂದು ಸಂಗೀತದ ಮಧ್ಯಾಹ್ನ: ಕಾರವಾರ, ಶಿರಸಿ ಕಡೆ ಉಚಿತ ಬಹುಸಂಸ್ಕೃತಿ ಕಾರ್ಯಕ್ರಮ ಏರ್ಪಡಿಸುವವರಿಗೆ ಸಮಗ್ರ ಮಾರ್ಗದರ್ಶಿ

ಹಿರಿಯರಿಗೆಂದು ಇಟ್ಟ ಸಂಗೀತ ಕಾರ್ಯಕ್ರಮ ಕೆಡುವುದು ಹೆಚ್ಚಾಗಿ ನಾಲ್ಕು ಕಾರಣಕ್ಕೆ. ಶೌಚಾಲಯ ದೂರವಿರುತ್ತದೆ, ಕುರ್ಚಿಗೆ ಕೈ ಇರುವುದಿಲ್ಲ, ಮೈಕಿನವರು ಮದುವೆ ಮೆರವಣಿಗೆಯ ಬಾಕ್ಸ್ ತಂದಿರುತ್ತಾರೆ, ಐದೂವರೆಗೆ ಮುಗಿಯಬೇಕಾದದ್ದು ಸನ್ಮಾನದಲ್ಲೇ ಏಳು ಗಂಟೆ ಮಾಡುತ್ತದೆ. ಹಾಡುಗಾರರು ಎಷ್ಟೇ ದೊಡ್ಡವರಾದರೂ ಈ ನಾಲ್ಕನ್ನು ಸರಿಮಾಡಲಾರರು. ಆದ್ದರಿಂದ ಕೆಲಸವನ್ನು ಕುರ್ಚಿಯಿಂದ ಶುರುಮಾಡಿ ವೇದಿಕೆಯ ಕಡೆ ಸಾಗಬೇಕು. ಮೊದಲು ಕೂರುವವರ ಮಂಡಿ, ಕಿವಿ, ಕಣ್ಣು, ಮೂತ್ರಕೋಶ; ಆಮೇಲೆ ರಾಗ ತಾಳ.

ಇಲ್ಲಿನ ಲೆಕ್ಕವೆಲ್ಲ 200 ಮಂದಿ ಹಿರಿಯರು, ಐದಾರು ತಂಡ, ಒಂದು ಸಭಾಭವನ, ಎರಡೂವರೆ ಗಂಟೆ ಎಂದಿಟ್ಟುಕೊಂಡದ್ದು. ಮೊದಲ ಸಲ ಮಾಡುವವರು ಇದಕ್ಕಿಂತ ದೊಡ್ಡದಕ್ಕೆ ಕೈಹಾಕುವುದು ಬೇಡ.

1. ದಿನ ಮತ್ತು ಹೊತ್ತು

ಅಕ್ಟೋಬರ್ 1 ಅಂತರರಾಷ್ಟ್ರೀಯ ಹಿರಿಯರ ದಿನ. ಎಲ್ಲರಿಗೂ ಅದೇ ದಿನ ಬೇಕೆನ್ನಿಸುತ್ತದೆ. ಆದರೆ ನಮ್ಮ ಕರಾವಳಿಯಲ್ಲಿ ಆಗಿನ್ನೂ ಮಳೆಯ ಬಾಲ ಮುಗಿದಿರುವುದಿಲ್ಲ, ಮಳೆ ಬಿಟ್ಟ ದಿನ ಸೆಕೆ ಕಿತ್ತು ತಿನ್ನುತ್ತದೆ. ಮಾರ್ಚ್‌ನಿಂದ ಮೇವರೆಗೆ ಬೆವರು ಮತ್ತು ಮದುವೆ. ಒಳ್ಳೆಯ ಕಾಲವೆಂದರೆ ಡಿಸೆಂಬರ್ ನಡುವಿನಿಂದ ಫೆಬ್ರವರಿ. ಅದರಲ್ಲೂ ಒಂದು ಗುಟ್ಟಿನ ಕಿಟಕಿ ಇದೆ: ಧನುರ್ಮಾಸ. ಡಿಸೆಂಬರ್ 16ರ ಆಸುಪಾಸಿನಿಂದ ಸಂಕ್ರಾಂತಿವರೆಗೆ ಮದುವೆ ಇಲ್ಲದ್ದರಿಂದ ಕಲ್ಯಾಣ ಮಂಟಪ, ಕುರ್ಚಿ, ಅಡುಗೆಯವರು ಎಲ್ಲ ಬಿಡುವಾಗಿರುತ್ತಾರೆ, ಬಾಡಿಗೆಯಲ್ಲಿ ಮಾತಾಡಲೂ ಜಾಗವಿರುತ್ತದೆ. ಚರ್ಚಿನ ಗಾಯನ ತಂಡಗಳು ಕ್ರಿಸ್‌ಮಸ್, ಹೊಸ ವರ್ಷ ಮುಗಿಯುವತನಕ ಸಿಗುವುದಿಲ್ಲ. ಹೀಗಾಗಿ ಜನವರಿ 3ರಿಂದ 12ರೊಳಗಿನ ಶನಿವಾರ ಅಥವಾ ಭಾನುವಾರ ಎಲ್ಲ ಕಡೆಯಿಂದಲೂ ಹೊಂದುತ್ತದೆ. ವೈಕುಂಠ ಏಕಾದಶಿ ಆ ದಿನ ಬಿದ್ದಿದೆಯೇ ಎಂದು ಪಂಚಾಂಗ ನೋಡಿ. ಉಪವಾಸವಿದ್ದವರು ಬರುತ್ತಾರೆ, ಬಂದು ತಲೆಸುತ್ತಿ ಕೂರುತ್ತಾರೆ. ಶಿರಸಿ ಕಡೆ ಅದು ಅಡಿಕೆ ಕೊಯ್ಲಿನ ಹೊತ್ತು ಕೂಡ. ಮನೆಯ ಜೀಪು, ಓಡಿಸುವ ಹುಡುಗರು ತೋಟದಲ್ಲಿರುತ್ತಾರೆ, ಸಾಗಾಟಕ್ಕೆ ಅವರನ್ನು ನಂಬಬೇಡಿ.

ಹೊತ್ತು ಮಧ್ಯಾಹ್ನ 3.30ರಿಂದ 6. ಊಟದ ನಂತರದ ನಿದ್ದೆ ಮುಗಿದಿರುತ್ತದೆ. ಜನವರಿ ಮೊದಲ ವಾರ ಕಾರವಾರದಲ್ಲಿ ಸೂರ್ಯ ಮುಳುಗುವುದು ಸುಮಾರು 6.15ಕ್ಕೆ. ಆರಕ್ಕೆ ಬಿಟ್ಟರೆ ದೀಪ ಹಚ್ಚುವವರು ಮನೆ ಮುಟ್ಟುತ್ತಾರೆ, ಮಗ್ರಿಬ್ ನಮಾಜಿಗೆ ಹೋಗುವವರಿಗೂ ಅಡ್ಡಿಯಿಲ್ಲ, ಕತ್ತಲಲ್ಲಿ ಮೆಟ್ಟಿಲು ತಡಕುವುದು ತಪ್ಪುತ್ತದೆ. ಶಿರಸಿಯಲ್ಲಿ ಸಂಜೆಗೆ ಚಳಿ ಇಳಿಯುವುದರಿಂದ ಅರ್ಧ ಗಂಟೆ ಮುಂಚೆ ಶುರುಮಾಡಿ.

2. ಜಾಗ

ಕಡಲತೀರದ ವೇದಿಕೆ ನೋಡಲು ಚಂದ. ಕಾರವಾರದ ಟಾಗೋರ್ ಕಡಲತೀರದಲ್ಲಿ ಮಯೂರವರ್ಮ ವೇದಿಕೆ ಇದ್ದೇ ಇದೆ, ಕರಾವಳಿ ಉತ್ಸವಕ್ಕೆ ಅದು ಸರಿ. ಹಿರಿಯರ ಕಾರ್ಯಕ್ರಮಕ್ಕೆ ಅದು ಬೇಡ. ಮರಳಿನಲ್ಲಿ ಕೋಲು ಹೂಳುತ್ತದೆ, ಗಾಲಿಕುರ್ಚಿ ಸಾಗುವುದಿಲ್ಲ, ಪ್ಲಾಸ್ಟಿಕ್ ಕುರ್ಚಿಯ ಒಂದು ಕಾಲು ಇಳಿದು ಕೂತವರು ವಾಲುತ್ತಾರೆ. ಮಧ್ಯಾಹ್ನದ ಕಡಲಗಾಳಿ ಮೈಕಿನೊಳಗೆ ಭೋರ್ಗರೆಯುತ್ತದೆ. ಪಶ್ಚಿಮದ ಇಳಿಬಿಸಿಲು ಪೊರೆ ಬಂದ ಕಣ್ಣಿಗೆ ಚುಚ್ಚುತ್ತದೆ. ಬಯಲಲ್ಲೇ ಆಗಬೇಕೆಂದರೆ ಗಟ್ಟಿ ನೆಲದ ಶಾಲೆಯ ಅಂಗಳ ಹಿಡಿಯಿರಿ, ಪ್ರೇಕ್ಷಕರು ಉತ್ತರಕ್ಕೋ ಪೂರ್ವಕ್ಕೋ ಮುಖಮಾಡುವಂತೆ ಚಪ್ಪರ ಹಾಕಿ. ಚಿರೆಕಲ್ಲು ಹಾಸಿದ ಅಂಗಳದಲ್ಲಿ ಕಲ್ಲುಗಳ ನಡುವಿನ ಬಿರುಕಿಗೆ ಕೋಲಿನ ತುದಿ ಸಿಕ್ಕಿಕೊಳ್ಳುತ್ತದೆ. ನಡೆಯುವ ದಾರಿಗಷ್ಟಾದರೂ ಆ ಬಿರುಕಿಗೆ ಸಿಮೆಂಟು ತುಂಬಿಸಿ. ಚಾಪೆ, ಜಮಖಾನ, ಕೆಂಪುಹಾಸು ಯಾವುದೂ ನಡೆದಾಡುವಲ್ಲಿ ಬೇಡ, ಅಂಚಿಗೆ ಕಾಲು ಎಡವುತ್ತದೆ.

ಸಭಾಭವನ ನೋಡಲು ಹೋದಾಗ ವೇದಿಕೆ ನೋಡುವ ಮುಂಚೆ ಶೌಚಾಲಯ ನೋಡಿ. ಕುರ್ಚಿಯಿಂದ 40–50 ಮೀಟರಿನೊಳಗೆ, ಮೆಟ್ಟಿಲಿಲ್ಲದೆ ತಲುಪುವಂತಿರಬೇಕು. ಮಂಡಿನೋವಿನವರು ಕೂತೇಳಲಾಗದ್ದರಿಂದ ಕನಿಷ್ಠ ಅರ್ಧದಷ್ಟು ಕಮೋಡ್ ಇರಬೇಕು. ಇಲ್ಲದಿದ್ದರೆ ಮಡಚುವ ಕಮೋಡ್ ಕುರ್ಚಿ ನಾಲ್ಕು ತರಿಸಿ. ಲೆಕ್ಕ ಹೀಗೆ ಹಾಕಿ: ಹಿರಿಯರಿಗೆ ಒಬ್ಬೊಬ್ಬರಿಗೆ 4 ನಿಮಿಷ. 30 ನಿಮಿಷದ ವಿರಾಮದಲ್ಲಿ ಒಂದು ಶೌಚಾಲಯಕ್ಕೆ 7 ಮಂದಿ. 200ರಲ್ಲಿ 60 ಮಂದಿ ಎದ್ದರೂ ಒಂಬತ್ತು ಬೇಕು. ಅಷ್ಟು ನಮ್ಮ ಯಾವ ಭವನದಲ್ಲೂ ಇರುವುದು ಅಪರೂಪ. ಆದ್ದರಿಂದ ನಿರೂಪಕರು ಶುರುವಿನಲ್ಲೇ ಒಂದು ಮಾತು ಹೇಳಬೇಕು: ಯಾವಾಗ ಬೇಕಾದರೂ ಎದ್ದುಹೋಗಿ, ಹಾಡಿನ ನಡುವೆ ಎದ್ದರೆ ಯಾರಿಗೂ ಬೇಸರವಿಲ್ಲ. ಈ ಮಾತು ಹೇಳದಿದ್ದರೆ ಅಜ್ಜಿಯರು ಮರ್ಯಾದೆಗೆ ಕಟ್ಟುಬಿದ್ದು ಕೂತೇ ಇರುತ್ತಾರೆ, ನೀರು ಕುಡಿಯುವುದನ್ನೂ ಬಿಡುತ್ತಾರೆ. ನೆಲ ಒದ್ದೆಯಾದೊಡನೆ ಒರೆಸಲು ಒಬ್ಬರು ಅಲ್ಲೇ ನಿಲ್ಲಲಿ. ಆ ಮಧ್ಯಾಹ್ನದ ಅತಿ ಮುಖ್ಯ ಕೆಲಸಗಾರರು ಅವರೇ.

ಕುರ್ಚಿಗೆ ಎರಡೂ ಕಡೆ ಕೈ ಇರಬೇಕು, ಕೂರುವ ಎತ್ತರ 45 ಸೆಂ.ಮೀ. ಆಸುಪಾಸು. ತೀರ ತಗ್ಗಾದ ಸೋಫಾವನ್ನು ಮುಂದಿನ ಸಾಲಿಗೆ ಗೌರವವೆಂದು ಹಾಕುವ ರೂಢಿ ಇದೆ. ಅದರಿಂದ ಎದ್ದೇಳಲು ಇಬ್ಬರು ಎಳೆಯಬೇಕಾಗುತ್ತದೆ, ತೆಗೆಸಿಬಿಡಿ. ಸಾಲಿನಿಂದ ಸಾಲಿಗೆ 1 ಮೀಟರ್. ಸಾಲಿಗೆ ಆರಾರು ಕುರ್ಚಿಯ ಎರಡು ಗುಂಪು, ನಡುವೆ 1.5 ಮೀಟರ್ ದಾರಿ, ಎರಡು ಬದಿಗೂ 1 ಮೀಟರ್. ಹೀಗಿಟ್ಟರೆ ಯಾರೂ ಎರಡಕ್ಕಿಂತ ಹೆಚ್ಚು ಮಂದಿಯನ್ನು ದಾಟಿ ಹೊರಬರಬೇಕಿಲ್ಲ. 17 ಸಾಲಿಗೆ 204 ಕುರ್ಚಿ. 12 ಮೀಟರ್ ಅಗಲದ ಭವನದಲ್ಲಿ ಕೂರುತ್ತದೆ. ಗಾಲಿಕುರ್ಚಿಗೆ ಹಿಂದಿನ ಮೂಲೆ ತೋರಿಸಬೇಡಿ. ಎರಡನೇ, ಐದನೇ, ಎಂಟನೇ ಸಾಲಿನ ತುದಿಗಳಲ್ಲಿ 90 × 120 ಸೆಂ.ಮೀ. ಖಾಲಿ ಬಿಡಿ, ಪಕ್ಕದಲ್ಲಿ ಮನೆಯವರು ಕೂರಲಿ. ಇಳಿಜಾರು ಹಲಗೆ ಹಾಕುವುದಾದರೆ 1ಕ್ಕೆ 12ರ ಪ್ರಮಾಣ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಇದಕ್ಕಿಂತ ಕಡಿದಾದರೆ ಏರುವಾಗ ತಳ್ಳುವವರಿಗೆ ಕಷ್ಟ, ಇಳಿಯುವಾಗ ಕೂತವರಿಗೆ ಅಪಾಯ.

3. ಯಾರನ್ನು ಕರೆಯಬೇಕು

ಬಹುಸಂಸ್ಕೃತಿ ಎಂದೊಡನೆ ಹೊರಗಿನಿಂದ ತಂಡ ತರಿಸುವ ಯೋಚನೆ ಬರುತ್ತದೆ. ಉತ್ತರ ಕನ್ನಡದಲ್ಲಿ ಅದರ ಅಗತ್ಯ ಬೀಳದು. ಅಂಕೋಲಾ, ಕುಮಟಾ ಸೀಮೆಯ ಹಾಲಕ್ಕಿ ಒಕ್ಕಲಿಗರ ಹಾಡು ಮತ್ತು ಗುಮಟೆ ಎಂಬ ಮಣ್ಣಿನ ಚರ್ಮವಾದ್ಯದ ಪಾಂಗು, ಯಲ್ಲಾಪುರ, ಹಳಿಯಾಳ, ಅಂಕೋಲಾ ಕಾಡಂಚಿನ ಸಿದ್ದಿಯರ ಡಮಾಮಿ ಎಂಬ ಚರ್ಮವಾದ್ಯ ಮತ್ತು ಫುಗಡಿ ಕುಣಿತ, ಕಾಳಿ ನದಿಯ ಎರಡೂ ದಂಡೆಯ ಕೊಂಕಣಿ ಕ್ರೈಸ್ತರ ಹಾಡು, ಪಿಟೀಲು, ಸಾರಸ್ವತರ ಭಜನೆ, ಹೊನ್ನಾವರ, ಶಿರಸಿ, ಸಿದ್ದಾಪುರದ ಬಡಗುತಿಟ್ಟು ಯಕ್ಷಗಾನದ ಭಾಗವತಿಕೆ ಅಂದರೆ ಹಾಡುಗಾರಿಕೆ, ಘಟ್ಟದ ಮೇಲಿನ ಹಿಂದೂಸ್ತಾನಿ ಗಾಯಕರು, ಹವ್ಯಕ ಹೆಂಗಸರ ಸಂಪ್ರದಾಯದ ಹಾಡು, ಭಟ್ಕಳದ ನವಾಯತ ಮುಸ್ಲಿಮರ ಭಾಷೆಯ ಪದ್ಯ, 1966ರಿಂದ ಮುಂಡಗೋಡದಲ್ಲಿ ನೆಲೆಸಿದ ಟಿಬೆಟಿಯನ್ನರ ಡ್ರಾನ್ಯೆನ್ ಎಂಬ ತಂತಿವಾದ್ಯ, ಕೈಗಾ ಮತ್ತು ನೌಕಾನೆಲೆಗೆ ದೇಶದ ಮೂಲೆಮೂಲೆಯಿಂದ ಬಂದ ಕುಟುಂಬಗಳು. ಇಷ್ಟರಲ್ಲಿ ಐದನ್ನು ಆರಿಸಿ. ಒಂಬತ್ತನ್ನು ಕರೆದರೆ ಪ್ರತಿಯೊಬ್ಬರಿಗೂ ಎಂಟು ನಿಮಿಷ ಸಿಗುತ್ತದೆ. ಆಗ ಅದು ಗಣರಾಜ್ಯೋತ್ಸವದ ಸ್ತಬ್ಧಚಿತ್ರ, ಸಂಗೀತವಲ್ಲ.

ಆಯ್ಕೆಗೆ ಎರಡು ದಾರದ ಎಳೆ ಹಿಡಿಯಿರಿ.

ಒಂದು, ಕೂತವರ ನೆನಪು. ಮನುಷ್ಯನಿಗೆ ಗಟ್ಟಿಯಾಗಿ ಅಂಟುವುದು ಹದಿಹರೆಯದಿಂದ ಇಪ್ಪತ್ತೈದರವರೆಗೆ ಕೇಳಿದ ಹಾಡು. ಈಗ 75ರವರಿಗೆ ಅದು 1965–75ರ ರೇಡಿಯೋ ಕಾಲ. ಧಾರವಾಡ ಆಕಾಶವಾಣಿ, ಸಿಲೋನ್ ರೇಡಿಯೋ. ಇನ್ನು 80 ದಾಟಿದ ಕಾರವಾರದವರು ಹುಟ್ಟಿದ್ದು ಮುಂಬಯಿ ಆಡಳಿತದಲ್ಲಿ. ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಅವರಲ್ಲಿ ಅನೇಕರಿಗೆ ಮರಾಠಿ ಅಭಂಗ, ನಾಟ್ಯಗೀತೆ ಬಾಯಿಪಾಠ. ಒಂದು ಅಭಂಗ ಇಟ್ಟು ನೋಡಿ, ಗೋಣು ಹಾಕಿ ಕೂತಿದ್ದವರ ತುಟಿ ಅಲುಗುತ್ತದೆ. ಶಿರಸಿಯಲ್ಲಿ ಅದೇ ಅಭಂಗಕ್ಕೆ ಅಷ್ಟು ಫಲವಿಲ್ಲ, ಅಲ್ಲಿ ಯಕ್ಷಗಾನದ ಪದ ಎದೆಯಲ್ಲಿದೆ.

ಎರಡು, ತಂಡದಿಂದ ತಂಡಕ್ಕೆ ಸೇತುವೆ. ಗುಮಟೆ ಹಾಲಕ್ಕಿಗಳ ಕೈಯಲ್ಲೂ ಇದೆ, ಕೊಂಕಣಿ ಕ್ರೈಸ್ತರ ಮಾಂಡೊ ಹಾಡಿನ ಜೊತೆಗೂ ಇದೆ. ಫುಗಡಿ ಎಂಬ ಮಾತು ಕೊಂಕಣಿ ಹೆಂಗಸರಲ್ಲೂ ಸಿದ್ದಿ ಹೆಂಗಸರಲ್ಲೂ ಇದೆ. ಇವನ್ನು ಬೆನ್ನಿಗೆ ಬೆನ್ನಾಗಿ ಇಟ್ಟರೆ ನಿರೂಪಕರು ಉದ್ದ ಭಾಷಣ ಮಾಡಬೇಕಿಲ್ಲ, ಕೂತವರೇ ಹೋಲಿಸಿ ಗುಜುಗುಜು ಮಾತಾಡುತ್ತಾರೆ. ಕಾರವಾರದಲ್ಲಾದರೆ ಒಂದು ರವೀಂದ್ರಗೀತೆಯೂ ಹೊಂದುತ್ತದೆ: ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1880ರ ದಶಕದಲ್ಲಿ, ಟಾಗೋರರು ಬಂದು ಉಳಿದಿದ್ದರು.

ಕರೆಯುವ ರೀತಿಯಲ್ಲಿ ಎಚ್ಚರ ಬೇಕು. ಹಾಲಕ್ಕಿಗಳ ಸುಗ್ಗಿ ಕುಣಿತ ಹೋಳಿಯ ಕಾಲದ್ದು, ತಲೆಗೆ ತುರಾಯಿ ಕಟ್ಟುವುದಕ್ಕೂ ಕ್ರಮವಿದೆ. ಜನವರಿಯಲ್ಲಿ ಅದನ್ನೇ ಕುಣಿಯಿರಿ ಎಂದು ಒತ್ತಾಯಿಸುವುದು ತಪ್ಪು. ಯಾವುದನ್ನು ಈ ಹೊತ್ತಿನಲ್ಲಿ, ಈ ಜಾಗದಲ್ಲಿ ಹಾಡಬಹುದು ಎಂದು ತಂಡದ ಹಿರಿಯರನ್ನೇ ಕೇಳಿ. ಹಾಲಕ್ಕಿ ಹಾಡುಗಳಿಗೆ ನಾಡಿನಾಚೆ ಹೆಸರು ತಂದ ಅಂಕೋಲಾ ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅವರ ಜೊತೆ ಹಾಡಿದ ಹೆಂಗಸರಲ್ಲೂ ವಯಸ್ಸಾದವರಿದ್ದಾರೆ. ಅಂದರೆ ನಿಮ್ಮ ಕಲಾವಿದರೂ ಹಿರಿಯರೇ. ವೇದಿಕೆಯ ಮೆಟ್ಟಿಲಿಗೆ ಹಿಡಿಕೆ, ಹಿಂದಿನ ಕೋಣೆಗೆ ಕೈಯಿರುವ ಕುರ್ಚಿ, ಅವರಿಗೂ ಹತ್ತಿರದಲ್ಲೇ ಶೌಚಾಲಯ ಬೇಕು. ಭಟ್ಕಳದವರನ್ನು ಕರೆಯುವಾಗ ವಾದ್ಯ ಬೇಡವೆನ್ನುವವರಿರಬಹುದು. ವಾದ್ಯವಿಲ್ಲದ ನಾತ್ (ಪ್ರವಾದಿಯ ಸ್ತುತಿ) ಅಥವಾ ನವಾಯತಿ ಪದ್ಯವಾಚನ ಕಾರ್ಯಕ್ರಮಕ್ಕೆ ಒಳ್ಳೆಯ ಬಿಡುವನ್ನೂ ಕೊಡುತ್ತದೆ.

ಯಕ್ಷಗಾನದ ಭಾಗವತರನ್ನು ದೀಪಾವಳಿಗೆ ಮುಂಚೆಯೇ ಹಿಡಿಯಿರಿ. ಮೇಳದ ತಿರುಗಾಟ ನವೆಂಬರಿನಿಂದ ಮೇವರೆಗೆ. ಹಿಂದಿನ ರಾತ್ರಿ ಆಟ ಇದ್ದವರು ಮಧ್ಯಾಹ್ನ ಮೂರಕ್ಕೆ ನಿದ್ದೆಗಣ್ಣಲ್ಲೇ ಬರುತ್ತಾರೆ, ಅವರ ಸರದಿ ವಿರಾಮದ ಮೇಲಿರಲಿ. ವೇಷದ ಗೊಡವೆ ಬೇಡ, ಭಾಗವತಿಕೆ ಅಥವಾ ತಾಳಮದ್ದಳೆಯ ಒಂದು ತುಣುಕು ಸಾಕು.

ಗುಮಟೆಯ ಬಗ್ಗೆ ಒಂದು ಕಾನೂನಿನ ಮಾತು. ಹಳೆಯ ಗುಮಟೆಗೆ ಉಡದ ಚರ್ಮ ಹೊದಿಸುತ್ತಿದ್ದರು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಉಡ ರಕ್ಷಿತ ಪ್ರಾಣಿ. ಗೋವಾದಲ್ಲಿ ಆಡಿನ ಚರ್ಮದ ಗುಮಟೆ ರೂಢಿಗೆ ಬಂದು, 2019ರಲ್ಲಿ ಅದು ಆ ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಣೆಯೂ ಆಯಿತು. ಸಾರ್ವಜನಿಕ ವೇದಿಕೆಗೆ ಆಡಿನ ಚರ್ಮದ್ದನ್ನೇ ತರಲು ಮೊದಲೇ ಹೇಳಿ, ಇಲ್ಲದಿದ್ದರೆ ಪತ್ರಿಕೆಯ ಫೋಟೋದಿಂದ ಬಡ ಕಲಾವಿದರಿಗೆ ಕಿರುಕುಳ.

ಉಚಿತ ಎಂಬುದು ಕೇಳುಗರಿಗೆ. ಕಲಾವಿದರಿಗೆ ಸಂಭಾವನೆ, ಬಸ್ಸು ಅಥವಾ ಜೀಪಿನ ಖರ್ಚು, ಊಟ ಕೊಡಲೇಬೇಕು. ಹಿಂದೂಸ್ತಾನಿ ಗಾಯಕರಿಗೆ ಲಕೋಟೆ, ಜನಪದ ತಂಡಕ್ಕೆ ಶಾಲು ಮತ್ತು ಪ್ರಮಾಣಪತ್ರ ಎಂಬ ಭೇದ ನಮ್ಮಲ್ಲಿ ಹಳೆಯ ಕೆಟ್ಟ ಚಾಳಿ. ತಲೆಗೆ ಇಷ್ಟು ಎಂದು ಒಂದೇ ಲೆಕ್ಕ ಮಾಡಿ.

4. ಕ್ರಮ

ಕಾರವಾರಕ್ಕೆ ಹೊಂದುವ ಒಂದು ಮಾದರಿ:

3.30 – ಸ್ವಾಗತ, ಐದು ನಿಮಿಷ
3.35 – ಅಭಂಗ, ಕೊಂಕಣಿ ಭಜನೆ
3.55 – ಹಾಲಕ್ಕಿ ಹೆಂಗಸರ ಹಾಡು, ಗುಮಟೆ
4.15 – ಕೊಂಕಣಿ ಮಾಂಡೊ: ಪಿಟೀಲು, ಅದೇ ಗುಮಟೆ
4.35 – ವಿರಾಮ, 30 ನಿಮಿಷ
5.05 – ಹಿಂದೂಸ್ತಾನಿ ಅಥವಾ ಭಾಗವತಿಕೆ
5.25 – ಸಿದ್ದಿ ಡಮಾಮಿ, ಫುಗಡಿ
5.40 – ಎಲ್ಲರೂ ಕೂಡಿ ಹಾಡುವುದು
5.55 – ಮುಕ್ತಾಯ

ಗಟ್ಟಿ ಸದ್ದಿನದ್ದು ಕೊನೆಗೆ ಇರಲಿ. ಶುರುವಿನಲ್ಲೇ ಡಮಾಮಿ ಬಾರಿಸಿದರೆ ಆಮೇಲಿನ ತಂಬೂರಿ ಯಾರ ಕಿವಿಗೂ ಬೀಳದು. ಐದು ಗಂಟೆಯ ಹಿಂದೂಸ್ತಾನಿಗೆ ಭೀಮಪಲಾಸಿ, ಮುಲ್ತಾನಿ ಸಮಯಕ್ಕೂ ಸರಿ. ಭೀಮಪಲಾಸಿಯನ್ನು ಅಭಂಗ, ಸಿನಿಮಾ ಹಾಡುಗಳಲ್ಲಿ ಕೇಳಿರುವುದರಿಂದ ರಾಗದ ಹೆಸರು ಗೊತ್ತಿಲ್ಲದವರಿಗೂ ಗುರುತು ಹತ್ತುತ್ತದೆ. ವಿಲಂಬಿತವನ್ನು, ಅಂದರೆ ನಿಧಾನಗತಿಯ ಭಾಗವನ್ನು, ಆರೇಳು ನಿಮಿಷಕ್ಕೆ ಮುಗಿಸಲು ಗಾಯಕರನ್ನು ಕೈಮುಗಿದು ಕೇಳಿಕೊಳ್ಳಿ.

ತಂಡ ಬದಲಾಗುವಾಗ ಐದೈದು ನಿಮಿಷ ಸೋರಿ ಅರ್ಧ ಗಂಟೆ ಹೋಗುತ್ತದೆ. ವೇದಿಕೆಯನ್ನು ಎಡ, ಬಲ ಎಂದು ಎರಡು ಭಾಗ ಮಾಡಿ. ಒಂದು ಕಡೆ ಹಾಡುವಾಗ ಇನ್ನೊಂದು ಕಡೆ ಮುಂದಿನವರು ಕೂತು ಶ್ರುತಿ ಮಾಡಿಕೊಂಡಿರಲಿ.

ಕೂಡಿ ಹಾಡುವುದಕ್ಕೆ ಎರಡೇ ಹಾಡು. ವಯಸ್ಸಾದಂತೆ, ಅದರಲ್ಲೂ ಹೆಂಗಸರಿಗೆ, ಧ್ವನಿ ಇಳಿಯುತ್ತದೆ. ಹಳೆಯ ಧ್ವನಿಮುದ್ರಣದ ಶ್ರುತಿಯಲ್ಲಿ ಎತ್ತಿದರೆ ಪಲ್ಲವಿಯಲ್ಲೇ ಉಸಿರು ಕಟ್ಟುತ್ತದೆ. ಹಾರ್ಮೋನಿಯಂನಲ್ಲಿ ಮೂರು ನಾಲ್ಕು ಮನೆ ಕೆಳಗಿಳಿಸಿ, ಲಯವನ್ನೂ ತುಸು ನಿಧಾನಿಸಿ. ಸಾಹಿತ್ಯದ ಹಾಳೆಯ ಅಕ್ಷರ 20 ಪಾಯಿಂಟ್, ಕಪ್ಪು ಮಸಿ, ಹೊಳಪಿಲ್ಲದ ಕಾಗದ. ಕೊಂಕಣಿ, ಮರಾಠಿ ಹಾಡನ್ನೂ ಕನ್ನಡ ಲಿಪಿಯಲ್ಲೇ ಅಚ್ಚುಮಾಡಿ.

ಭಾಷಣ: ಒಬ್ಬರು, ಐದು ನಿಮಿಷ. ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ ಏನಿದ್ದರೂ ವಿರಾಮದಲ್ಲಿ ಕೆಳಗೇ ಆಗಲಿ. ಅತಿಥಿಗಳು ತಡವಾದರೆ ಕಾಯಬೇಡಿ. ಬಂದ ಮೇಲೆ ಮುಂದಿನ ಸಾಲಲ್ಲಿ ಕೂತು ಹಾಡು ಕೇಳಲಿ, ಅವರಿಗೂ ಅದು ಅಪರೂಪದ ಸುಖ.

5. ಅನುಮತಿ

ಮೂರು ವಾರ ಮುಂಚೆ: ಧ್ವನಿವರ್ಧಕಕ್ಕೆ ಪೊಲೀಸ್ ಠಾಣೆಯ ಲಿಖಿತ ಅನುಮತಿ, ಸಾರ್ವಜನಿಕ ಜಾಗವಾದರೆ ನಗರಸಭೆ ಅಥವಾ ಪಂಚಾಯಿತಿ, ಬಯಲಾದರೆ ಹೆಸ್ಕಾಂನಿಂದ ತಾತ್ಕಾಲಿಕ ವಿದ್ಯುತ್. ಶಬ್ದಮಾಲಿನ್ಯ ನಿಯಮ 2000ರಂತೆ ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಿರಬಹುದು; ಶಾಲೆಯ ಅಂಗಳ ಹಿಡಿಯುವವರು ಅನುಮತಿ ಕೇಳುವಾಗಲೇ ಇದನ್ನು ವಿಚಾರಿಸಿ. ವಸತಿ ಪ್ರದೇಶದ ಹಗಲಿನ ಮಿತಿ 55 ಡೆಸಿಬೆಲ್. ಭವನದ ಬಾಗಿಲು ಕಿಟಕಿ ತೆರೆದಿದ್ದರೆ ಹೊರಗೆ ಎಷ್ಟು ಕೇಳುತ್ತದೆ ಎಂದು ನೋಡಿಕೊಳ್ಳಿ.

ಕೃತಿಸ್ವಾಮ್ಯದ ವಿಷಯ ಅನೇಕರಿಗೆ ಗೊತ್ತಿಲ್ಲ. 1957ರ ಕಾಯ್ದೆಯಲ್ಲಿ ಹವ್ಯಾಸಿ ಸಂಘವೊಂದು ಹಣ ಕೊಡದ ಪ್ರೇಕ್ಷಕರ ಮುಂದೆ ಹಾಡಿದರೆ ವಿನಾಯಿತಿಯಿದೆ. ವೃತ್ತಿಪರ ಆರ್ಕೆಸ್ಟ್ರಾದವರು ಸಿನಿಮಾ ಹಾಡು ಹಾಡಿದರೆ, ಪ್ರವೇಶ ಉಚಿತವಿದ್ದರೂ, ಆ ವಿನಾಯಿತಿಯನ್ನು ನೆಚ್ಚಿಕೊಳ್ಳಬೇಡಿ. ಹಾಡಿನ ಹಕ್ಕುದಾರರ ಸಂಸ್ಥೆಯಾದ ಐಪಿಆರ್‌ಎಸ್‌ನ ಪರವಾನಗಿ ವಿಚಾರಿಸಿ. ಸಾಂಪ್ರದಾಯಿಕ ಹಾಡುಗಳಿಗೆ ಈ ರಗಳೆಯಿಲ್ಲ.

6. ಧ್ವನಿ

ವಯಸ್ಸಿನ ಕಿವುಡುತನ ಎಲ್ಲ ಸದ್ದನ್ನೂ ಸಮನಾಗಿ ತಗ್ಗಿಸುವುದಿಲ್ಲ. ಮೊದಲು ಹೋಗುವುದು ಮೇಲಿನ ಕಂಪನಗಳು, ಸುಮಾರು 2,000 ಹರ್ಟ್ಸ್‌ನಿಂದ ಮೇಲಿನವು. ಸ, ಶ, ತ, ಕ, ಪ ಇಂಥ ವ್ಯಂಜನಗಳ ಗೆರೆ ಅಲ್ಲೇ ಇರುವುದು. ಹಾಡುವುದು ಕೇಳುತ್ತದೆ, ಏನು ಹಾಡುತ್ತಾರೆಂದು ತಿಳಿಯುವುದಿಲ್ಲ. ಇದರ ಜೊತೆಗೆ ಸದ್ದು ಒಂದು ಮಟ್ಟ ದಾಟಿದರೆ ಅವರಿಗೆ ನಮಗಿಂತ ಬೇಗ ಕರ್ಕಶವಾಗುತ್ತದೆ. ಆದ್ದರಿಂದ ‘ಅಜ್ಜನಿಗೆ ಕೇಳುವುದಿಲ್ಲ, ಜೋರು ಮಾಡು’ ಎಂಬುದು ತಪ್ಪು ಮದ್ದು. ಬೇಕಾದ್ದು ಸ್ಪಷ್ಟತೆ.

ಮೈಕಿನವರಿಗೆ ಬರೆದೇ ಕೊಡಿ. 12 ಅಂಗುಲದ ಎರಡು ಸ್ಪೀಕರ್, ಎರಡು ಮೀಟರ್ ಎತ್ತರದ ಕಂಬದ ಮೇಲೆ, ನಡುಸಾಲಿನ ಕಡೆ ತುಸು ಬಾಗಿಸಿ. ಸಬ್‌ವೂಫರ್ ತರಬೇಡಿ. ಭವನದ ಅರ್ಧಕ್ಕೆ ಇನ್ನೆರಡು ಚಿಕ್ಕ ಸ್ಪೀಕರ್. ಇವಕ್ಕೆ ವಿಳಂಬ ಕೊಡದಿದ್ದರೆ ಒಂದೇ ಮಾತು ಎರಡೆರಡು ಸಲ ಕೇಳಿ ಕಲಸುಮೇಲೋಗರ. ಶಬ್ದ ಮೀಟರಿಗೆ ಸುಮಾರು 3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ: ಮುಖ್ಯ ಸ್ಪೀಕರಿನಿಂದ 11 ಮೀಟರ್ ಇದ್ದರೆ 33, ಅದಕ್ಕೆ 10 ಸೇರಿಸಿ 43 ಮಿಲಿಸೆಕೆಂಡ್ ಇಡಿ. ಆಗ ಸದ್ದು ವೇದಿಕೆಯಿಂದಲೇ ಬಂದಂತೆ ಕೇಳುತ್ತದೆ. ಹಾಡಿನ ಮೈಕಿಗೆ 120 ಹರ್ಟ್ಸ್‌ನ ಕೆಳಗನ್ನು ಕತ್ತರಿಸಿ, 2ರಿಂದ 4 ಕಿಲೋಹರ್ಟ್ಸ್‌ಗೆ 2–3 ಡೆಸಿಬೆಲ್ ಎತ್ತಿ. ಎಕೋ ಗುಂಡಿ ಸೊನ್ನೆ. ನಮ್ಮ ಮೈಕಿನವರಿಗೆ ಎಕೋ ಎಂದರೆ ಪ್ರಾಣ, ಅದನ್ನು ಬಿಡಿಸುವುದೇ ದೊಡ್ಡ ಸಾಹಸ. ಗ್ರಾನೈಟು, ಟೈಲ್ಸಿನ ಮಂಟಪ ತಾನೇ ಸಾಕಷ್ಟು ಎಕೋ ಕೊಡುತ್ತದೆ. ಹಿಂದಿನ ಗೋಡೆಗೆ ದಪ್ಪ ಜಮಖಾನ ನೇತುಹಾಕಿದರೆ ಅದೂ ತಗ್ಗುತ್ತದೆ.

ನಡುಸಾಲಿನಲ್ಲಿ ನಿಂತು ಅಳೆದಾಗ 70–75 ಡೆಸಿಬೆಲ್, ಡಮಾಮಿ ಏರಿದಾಗಲೂ 85 ದಾಟಬಾರದು. ಚಂಡೆಗೂ ಡಮಾಮಿಗೂ ಮೈಕ್ ಬೇಡವೇ ಬೇಡ, ವೇದಿಕೆಯ ಹಿಂಬದಿಗೆ ಕೂರಿಸಿ. ಮದ್ದಳೆಗೆ ಒಂದು, ಭಾಗವತರಿಗೆ ಒಂದು ಮೈಕ್ ಸಾಕು. ಗುಮಟೆಯ ಒಂದು ಬಾಯಿ ತೆರೆದಿರುತ್ತದೆ. ಅದರ ನೇರಕ್ಕೆ ಮೈಕಿಟ್ಟರೆ ಬೂಂ ಎಂದು ಗುದ್ದುತ್ತದೆ, 30 ಸೆಂ.ಮೀ. ದೂರದಲ್ಲಿ ಓರೆಯಾಗಿ ಇಡಿ. ಹಾಲಕ್ಕಿ ಹೆಂಗಸರಿಗೆ ಕೈಗೆ ಮೈಕ್ ಕೊಟ್ಟರೆ ಒಬ್ಬರ ಧ್ವನಿ ಮುಂದೆ ಬಂದು ಗುಂಪಿನ ಹದ ಕೆಡುತ್ತದೆ. ಅರ್ಧಚಂದ್ರಾಕಾರ ಕೂರಿಸಿ ಎದುರಿಗೆ ಎರಡು ಮೈಕ್, 40 ಸೆಂ.ಮೀ. ದೂರ.

ಕಡಲ ತೇವಕ್ಕೆ ಚರ್ಮ ಸಡಿಲಾಗಿ ತಬಲಾ, ಮದ್ದಳೆ, ಗುಮಟೆ ಎಲ್ಲದರ ಶ್ರುತಿ ಇಳಿಯುತ್ತದೆ. ಘಟ್ಟದ ಮೇಲಿನಿಂದ ಬಂದ ತಬಲಾದವರಿಗೆ ಇದು ಹೆಚ್ಚು ಕಾಡುತ್ತದೆ. ವಾದ್ಯಗಳು ಒಂದು ಗಂಟೆ ಮುಂಚೆ ವೇದಿಕೆಯ ಗಾಳಿಗೆ ಒಗ್ಗಲಿ. ಗುಮಟೆ, ಡಮಾಮಿಗೆ ಬೆಂಕಿಯ ಶಾಖ ತೋರಿಸುವ ರೂಢಿ ಇರುವುದರಿಂದ ಹೊರಗೆ ಒಂದು ಸುರಕ್ಷಿತ ಕೆಂಡದ ಒಲೆ ಇಟ್ಟುಕೊಡಿ, ಪಕ್ಕದಲ್ಲಿ ಒಂದು ಬಕೆಟ್ ನೀರು. ಫ್ಯಾನಿನ ನೇರಕ್ಕೆ ಮೈಕ್ ಬರದಂತೆ ನೋಡಿ, ಸ್ಪಂಜಿನ ಟೋಪಿ ಹಾಕಿ.

ಕುಂಯ್ ಎಂಬ ಸಿಳ್ಳೆ ಬಂದರೆ ತಕ್ಷಣ ಮೈಕಿನವರನ್ನು ಬೈಯಬೇಡಿ. ಕೂತವರ ಶ್ರವಣಯಂತ್ರದ್ದೂ ಇರಬಹುದು, ಕಿವಿಯಲ್ಲಿ ಸರಿಯಾಗಿ ಕೂರದಿದ್ದರೆ ಅದು ಹಾಗೆ ಕೂಗುತ್ತದೆ. ಯಂತ್ರ ಹಾಕಿದವರನ್ನು ಎರಡರಿಂದ ನಾಲ್ಕನೇ ಸಾಲಿನ ನಡುವೆ ಕೂರಿಸಿ, ಸ್ಪೀಕರಿನ ಎದುರಿಗಲ್ಲ. ಡಮಾಮಿಗೆ ಮುಂಚೆ ‘ಈಗ ಗಟ್ಟಿ ಸದ್ದು ಬರುತ್ತದೆ, ಯಂತ್ರದ ಧ್ವನಿ ತಗ್ಗಿಸಿಕೊಳ್ಳಿ’ ಎಂದು ಹೇಳುವುದು ನಿರೂಪಕರ ಕೆಲಸ.

ಜನರೇಟರ್ 5 ಕೆವಿಎ ಸಾಕು. ಗಾಳಿಯ ಕೆಳಬದಿಗೆ 30 ಮೀಟರ್ ದೂರ ಇಡಿ, ಹೊಗೆ ಉಬ್ಬಸದವರಿಗೆ ಆಗುವುದಿಲ್ಲ. ವಿದ್ಯುತ್ತು ಹೋಗಿ ಬರುವ ಒಂದು ನಿಮಿಷದ ಕತ್ತಲಲ್ಲೇ ಜನ ಬೀಳುವುದು, ನಡುದಾರಿಗೆ ನಾಲ್ಕು ತುರ್ತುದೀಪ ಹಾಕಿ.

7. ಬೆಳಕು

ಪ್ರೇಕ್ಷಕರ ಭಾಗ ಕತ್ತಲು ಮಾಡಬೇಡಿ, ಮಿನುಗುವ ಬಣ್ಣದ ದೀಪವೂ ಹೊಗೆಯಂತ್ರವೂ ಬೇಡ. ಹಾಡುವವರ ಮುಖಕ್ಕೆ ಎದುರಿನಿಂದ ಬಿಳಿ ಬೆಳಕು ಬೀಳಲಿ. ಕಿವಿ ಮಂದವಾದವರು ತುಟಿ ನೋಡಿ ಅರ್ಧ ಕೇಳಿಸಿಕೊಳ್ಳುತ್ತಾರೆ. ಮೆಟ್ಟಿಲಿನ ಅಂಚಿಗೆ ಹಳದಿ ಪಟ್ಟಿ.

8. ಕರೆತರುವುದು, ಮುಟ್ಟಿಸುವುದು

ಪ್ರಚಾರಕ್ಕೆ ವಾಟ್ಸಾಪ್ ಮಕ್ಕಳಿಗೆ ತಲುಪುತ್ತದೆ, ಅಜ್ಜಿಗೆ ತಲುಪುವುದಿಲ್ಲ. ಪಿಂಚಣಿದಾರರ ಸಂಘ, ದೇವಸ್ಥಾನ, ಚರ್ಚು, ಮಸೀದಿ, ಸೊಸೈಟಿ, ಆಶಾ ಕಾರ್ಯಕರ್ತೆಯರು, ಹಾಲಿನ ಡೇರಿ: ಇವೇ ನಿಜವಾದ ದಾರಿ. ಹೆಸರು, ಊರು, ಮನೆಯವರ ಫೋನು, ಗಾಲಿಕುರ್ಚಿ ಬೇಕೇ ಎಂಬ ನಾಲ್ಕೇ ವಿವರದ ಪಟ್ಟಿ ಮಾಡಿ.

15 ಕಿ.ಮೀ. ಒಳಗಿನವರನ್ನಷ್ಟೇ ಕರೆಯಿರಿ. ದೇವಿಮನೆ ಘಟ್ಟವೋ ಅರಬೈಲು ಘಟ್ಟವೋ ಇಳಿಸಿ ಎಪ್ಪತ್ತೈದರವರನ್ನು ತರುವುದು, ವಾಂತಿ ತಲೆಸುತ್ತಿನಲ್ಲಿ ಕೂರಿಸುವುದು ಪುಣ್ಯದ ಕೆಲಸವಲ್ಲ. ಘಟ್ಟ ಇಳಿಯುವುದು ಕಲಾವಿದರಿರಲಿ. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸಾಮಾನ್ಯ ಸಾರಿಗೆ ಬಸ್ಸು ಉಚಿತ, ಹಿರಿಯ ಗಂಡಸರಿಗೆ 25% ರಿಯಾಯಿತಿ; ಗುರುತಿನ ಚೀಟಿ ತರಲು ನೆನಪಿಸಿ, ಹಿಂತಿರುಗುವ ಬಸ್ಸಿನ ಹೊತ್ತನ್ನು ಆಮಂತ್ರಣದಲ್ಲೇ ಅಚ್ಚುಮಾಡಿ. ಉಳಿದವರಿಗೆ ಟೆಂಪೊ. ಅದರ ಮೊದಲ ಮೆಟ್ಟಿಲು ಎತ್ತರ, ಜಾರದ 20 ಸೆಂ.ಮೀ. ಸ್ಟೂಲು ಪ್ರತಿ ಗಾಡಿಯಲ್ಲೂ ಇರಲಿ. ಒಬ್ಬರನ್ನು ಹತ್ತಿಸಲು ಎರಡು ನಿಮಿಷ ಹಿಡಿದರೆ 12 ಮಂದಿಗೆ 24 ನಿಮಿಷ. ಇದನ್ನು ಲೆಕ್ಕಕ್ಕೆ ಹಿಡಿಯದ ಗಾಡಿ ಯಾವತ್ತೂ ಅಭಂಗ ಮುಗಿದ ಮೇಲೇ ಬರುತ್ತದೆ.

9. ಆಸರಿಗೆ (ಕುಡಿಯಲು), ತಿಂಡಿ, ಮಾತ್ರೆ

ಬಂದವರಿಗೆ ಮೊದಲು ನೀರು-ಬೆಲ್ಲ, ಆಮೇಲೆ ಕೂರುವುದು. 200 ಮಂದಿಗೆ 20 ಲೀಟರಿನ ನೀರಿನ ಕ್ಯಾನ್ ಏಳು. ವಿರಾಮಕ್ಕೆ ಮೆತ್ತಗಿನ ಒಗ್ಗರಣೆ ಅವಲಕ್ಕಿ: ಒಣ ಅವಲಕ್ಕಿ 10 ಕೆ.ಜಿ., ಶೇಂಗಾ ಬೇಡ, ಹಲ್ಲಿಲ್ಲದವರಿಗೆ ಅದು ಶಿಕ್ಷೆ. ಚಹಾ, ಕಷಾಯ ಎರಡೂ ಇರಲಿ. ಮೂರರಲ್ಲಿ ಒಂದು ಪಾಲು ಸಕ್ಕರೆಯಿಲ್ಲದ್ದು, ಪಾತ್ರೆಗೆ ದೊಡ್ಡ ಅಕ್ಷರದ ಚೀಟಿ. ಕರಾವಳಿಯಲ್ಲಿ ಮುರುಗಲು ಪಾನಕ ತಂಪು. ಎಲ್ಲವನ್ನೂ ಕೂತಲ್ಲಿಗೇ ಒಯ್ದು ಕೊಡಬೇಕು. ಸಾಲಿನಲ್ಲಿ ನಿಲ್ಲಿಸುವ ಬಫೆ ಪದ್ಧತಿ ಕೋಲು ಹಿಡಿದವರ ಎರಡೂ ಕೈ ಕೇಳುತ್ತದೆ.

ಸಕ್ಕರೆ ಕಾಯಿಲೆಯವರಿಗೆ ವಿರಾಮ ತಡವಾದರೆ ಕೈಕಾಲು ನಡುಗುತ್ತದೆ, 4.35 ಎಂದರೆ 4.35. ಹಾಡು ಅರ್ಧವಿದ್ದರೆ ವಿರಾಮದ ನಂತರ ಮುಂದುವರಿಯಲಿ. ಒಬ್ಬ ದಾದಿ, ಬಿಪಿ ಯಂತ್ರ, ಗ್ಲೂಕೋಮೀಟರ್, ಓಆರ್‌ಎಸ್, ಗ್ಲೂಕೋಸ್ ಇರಲಿ. 108 ಬರುವ ದಾರಿಯನ್ನು ಬೈಕುಗಳಿಂದ ಮುಕ್ತವಾಗಿಡಿ.

ಇನ್ನು ಕವಳ, ಅಂದರೆ ಎಲೆ-ಅಡಿಕೆ. ಹಾಕಬೇಡಿ ಎಂದರೆ ಯಾರೂ ಕೇಳುವುದಿಲ್ಲ. ಹೊರಬಾಗಿಲ ಬಳಿ ಮರಳು ತುಂಬಿದ ಎರಡು ಡಬ್ಬಿ ಇಡಿ, ಗೋಡೆ ಉಳಿಯುತ್ತದೆ. ಫ್ಯಾನು ಸಾಲದ ಕಡೆ ಅಡಿಕೆ ಹಾಳೆಯ ಬೀಸಣಿಗೆ ಹಂಚಿದರೆ ಗಾಳಿಯೂ ಆಯಿತು, ತಾಳ ಹಾಕಲೂ ಆಯಿತು.

10. ಆ ದಿನದ ಜನ

ಹತ್ತು ಹಿರಿಯರಿಗೆ ಒಬ್ಬ ಸ್ವಯಂಸೇವಕ, ಒಂದೊಂದು ಗಾಲಿಕುರ್ಚಿಗೆ ಒಬ್ಬ. ಎನ್‌ಎಸ್‌ಎಸ್ ಹುಡುಗ ಹುಡುಗಿಯರು ಚೆನ್ನಾಗಿ ಮಾಡುತ್ತಾರೆ, ಕಲಿಸಬೇಕಾದ್ದು ಎರಡೇ: ಎದ್ದೇಳಿಸುವಾಗ ಕಂಕುಳಿಗೆ ಕೈಹಾಕಿ ಎಳೆಯಬಾರದು, ಮುಂಗೈ ಕೊಟ್ಟು ಅವರೇ ಹಿಡಿಯುವಂತೆ ಮಾಡಬೇಕು; ಕಿವಿಯ ಹತ್ತಿರ ಕಿರುಚದೆ ಎದುರಿಗೆ ಬಂದು ನಿಧಾನ ಮಾತಾಡಬೇಕು. ಮರೆವಿನ ಕಾಯಿಲೆಯವರ ಜೇಬಿನಲ್ಲಿ ಮನೆಯ ಫೋನಿನ ಚೀಟಿ ಇರಲಿ, ಅವರಿಗೆ ಬಾಗಿಲ ಬಳಿಯ ತುದಿಕುರ್ಚಿ. ಗದ್ದಲ ತಡೆಯಲಾರದವರಿಗೆ ಪಕ್ಕದಲ್ಲೊಂದು ಶಾಂತ ಕೋಣೆ ತೆರೆದಿಡಿ.

ಒಂದು ತಂಡ ಕೊನೇ ಗಳಿಗೆಯಲ್ಲಿ ತಪ್ಪುವುದು ಖಂಡಿತ. ಸೂತಕ, ಜ್ವರ, ಗಾಡಿ ಕೈಕೊಡುವುದು, ಏನಾದರೊಂದು. ಊರಿನ ಭಜನಾ ಮಂಡಳಿಯನ್ನು ಇಪ್ಪತ್ತು ನಿಮಿಷಕ್ಕೆ ತಯಾರಾಗಿರಲು ಹೇಳಿ, ಕೇಳುಗರಾಗಿ ಕರೆದು ಕೂರಿಸಿ. ಸರದಿ ಬರದಿದ್ದರೂ ಅವರಿಗೆ ಕಾರ್ಯಕ್ರಮ ಕಂಡಂತಾಯಿತು.

11. ಮುಗಿದ ಮೇಲೆ

ಕಲಾವಿದರಿಗೆ ಅಂದೇ, ವೇದಿಕೆ ಇಳಿದೊಡನೆ ಹಣ ಕೊಡಿ. ‘ಬಿಲ್ಲು ಪಾಸಾದ ಮೇಲೆ’ ಎಂದು ಕಾಯಿಸಿದರೆ ಮುಂದಿನ ವರ್ಷ ಅವರು ಬರುವುದಿಲ್ಲ, ಬರಲೂಬಾರದು.

ಅಭಿಪ್ರಾಯದ ಅರ್ಜಿ ಹಂಚುವುದು ವ್ಯರ್ಥ. ಟೆಂಪೊದಲ್ಲಿ ಹಿಂತಿರುಗುವಾಗ ಜೊತೆಗಿರುವ ಸ್ವಯಂಸೇವಕರು ಮೂರೇ ಪ್ರಶ್ನೆ ಕೇಳಲಿ: ಮಾತು ಕೇಳಿಸಿತೇ? ಕೂರಲು ಆಯಿತೇ? ಯಾವ ಹಾಡು ಇನ್ನೊಮ್ಮೆ ಬೇಕು? ಉತ್ತರವನ್ನು ಅಲ್ಲೇ ಬರೆದುಕೊಳ್ಳಲಿ. ಹತ್ತುವಾಗ ಎಣಿಸಿದಂತೆ ಇಳಿಸುವಾಗಲೂ ಪಟ್ಟಿಗೆ ಗುರುತು ಹಾಕಬೇಕು. ಮನೆಯವರು ಬಾಗಿಲಿಗೆ ಬಂದು ಕೈಹಿಡಿದುಕೊಂಡ ಮೇಲೇ ಗಾಡಿ ಹೊರಡುವುದು. ಕೊನೆಯ ಹೆಸರಿಗೆ ಗುರುತು ಬಿದ್ದ ಫೋನು ಬರುವತನಕ ಭವನದ ಬೀಗ ಹಾಕಬೇಡಿ. ಕನ್ನಡಕ, ಕೋಲು, ಹಲ್ಲಿನ ಸೆಟ್ಟು, ಇವುಗಳಲ್ಲಿ ಒಂದಾದರೂ ಕುರ್ಚಿಯ ಕೆಳಗೆ ಉಳಿದಿರುತ್ತದೆ.